ಬೆಳಗಿನ ಟ್ಯಾಂಕರ್

ಔಷಧಿ ಕಾರ್ಖಾನೆಯ ಗುತ್ತಿಗೆ ಕೈಗೆ ಬಂದ ದಿನ ಪ್ರಣಾಲಿ ಪೇಢೆಯ ಡಬ್ಬಿ ಹಿಡಿದುಕೊಂಡು ಬೀದರ್‌ನಿಂದ ಸಂಜೆಯ ರೈಲಿಗೆ ಭಾಲ್ಕಿಗೆ ಬಂದಳು. ಸ್ಟೇಶನ್ನಿನ ಹೊರಗೆ ಆಟೋ ತುಂಬುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ನಡೆದೇ ಮನೆ ಸೇರಿದಳು. ತಂದೆ ಗೋರಖನಾಥ ಬಾಗಿಲ ಬಳಿ ಕುಳಿತು ಯಾರದೋ ಕುಕ್ಕರಿನ ಹಿಡಿಕೆಗೆ ಹೊಸ ಸ್ಕ್ರೂ ಹಾಕುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಮೇಲೆ ಓಣಿಯ ಕೆಟ್ಟ ಸಾಮಾನೆಲ್ಲ ಅವನ ಕೈಗೇ ಬರುತ್ತಿತ್ತು.

“ಅಪ್ಪಾ, ಸಹಿ ಆಯ್ತು ನೋಡ್ರಿ.”

“ದೊಡ್ಡ ಕಾರ್ಖಾನಿದಾ?”

“ಹೂನ್ರಿ. ಅವರದು ಎಲ್ಲಾ ಹೊಲಸ ನೀರು ಇನ್ನ ನಮ್ಮ ಕಂಪನಿಗೇ.”

ಗೋರಖನಾಥ ಕೈ ಒರೆಸಿಕೊಂಡು ಎದ್ದ. ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಮುಂದೆ ಡಬ್ಬಿ ಇಟ್ಟು ಕೈ ಮುಗಿದು, ಮೊದಲ ಪೇಢೆಯನ್ನು ಮಗಳ ಬಾಯಿಗೇ ಹಾಕಿದ.

ಕಲಬುರಗಿಯಲ್ಲಿ ಎಂಬಿಎ ಮುಗಿಸಿದ ಪ್ರಣಾಲಿ ನಂದಕುಮಾರ ಎಂಬವನ ಕಂಪನಿಯಲ್ಲಿ ಮ್ಯಾನೇಜರ್. ಬೀದರ್ ಹೊರವಲಯದ ಕಾರ್ಖಾನೆಗಳ ರಾಸಾಯನಿಕ ನೀರನ್ನು ಟ್ಯಾಂಕರ್‌ಗಳಲ್ಲಿ ಹೊತ್ತು ತಂದು ತನ್ನ ಘಟಕದಲ್ಲಿ ಶುದ್ಧ ಮಾಡುವುದು ಆ ಕಂಪನಿಯ ವ್ಯವಹಾರ. ಕಾರ್ಖಾನೆಯವರನ್ನು ಒಪ್ಪಿಸಿ ಗಿರಾಕಿ ಮಾಡಿಕೊಳ್ಳುವುದು ಅವಳ ಕೆಲಸ. ಅವಳ ಹೆಸರಿನ ಕಾರ್ಡಿನ ಮೇಲೆ ಒಂದು ಹಸಿರು ಎಲೆ, ಅದರ ಕೆಳಗೆ ‘ಪರಿಸರ ಸೇವೆಗಳು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಂಥದೊಂದು ಕಾರ್ಡನ್ನು ಗೋರಖನಾಥ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಂಡವರಿಗೆ ತೋರಿಸುತ್ತಿದ್ದ. ಅವಳ ತಮ್ಮ ಸ್ವಪ್ನಿಲ ಅದೇ ಕಂಪನಿಯಲ್ಲಿ ಟ್ಯಾಂಕರ್‌ಗಳು ನಿಲ್ಲುವ ಅಂಗಳದ ಸೂಪರ್‌ವೈಸರ್. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತಿದ್ದವನನ್ನು ಅವಳೇ ಸೇರಿಸಿದ್ದಳು.

ಊಟಕ್ಕೆ ಎಲ್ಲರೂ ಕುಳಿತರು. ತಾಯಿ ಅನುಸೂಯಾಬಾಯಿ ಪುಂಡಿಪಲ್ಲೆ ಬಡಿಸುತ್ತಿದ್ದಳು. ಸ್ವಪ್ನಿಲನ ಹೆಂಡತಿ ಮಹಾಮಾಯಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ದಿನಾ ಮುಂಜಾನಿ ಗೇಟಿನ ಮುಂದ ಖಾಲಿ ಟ್ಯಾಂಕರ್ ನಿಂತಿರ್ತದ ಅಂತ ಮಾತ ಕೊಟ್ಟೀನಿ,” ಎಂದಳು ಪ್ರಣಾಲಿ. “ಒಂದ ದಿನಾನೂ ತಪ್ಪಂಗಿಲ್ಲ. ಅದಕ್ಕೇ ಅವರು ಹಳೇ ಕಂಪನಿ ಬಿಟ್ಟು ನಮ್ಮ ಕಡಿ ಬಂದಾರ.”

ಸ್ವಪ್ನಿಲ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಯಾವ ಟ್ಯಾಂಕರ್ ಅಕ್ಕಾ?”

“ಇದ್ದಿದ್ದೇ.”

“ಇದ್ದಿದ್ದು ಹಳೇ ಗಿರಾಕಿಗೇ ಸಾಲಂಗಿಲ್ಲ. ತಳದಾಗ ಕೂತ ರಾಡಿ ತೆಗಿಬೇಕಂದ್ರ ಮುಚ್ಚಳ ತಗದು ಒಂದ ಇಡೀ ದಿನ ಗಾಳಿಗಿ ಬಿಡಬೇಕು. ಇಲ್ಲಂದ್ರ ಒಳಗಿನ ಗ್ಯಾಸಿಗಿ ಮನುಷ್ಯಾ ಇಳಿಯೋ ಹಾಂಗಿಲ್ಲ.”

“ನನಗ ಗೊತ್ತಿಲ್ಲೇನು? ಗಿರಾಕಿಗೋಳ ಮುಂದ ನಿಂತು ಅದನ್ನೇ ಹೇಳ್ತೇನಿ. ನೀ ಗಾಡಿ ನೋಡ್ಕೋ, ನಾ ಗಿರಾಕಿ ನೋಡ್ಕೋತೇನಿ. ಹೊಸ ಟ್ಯಾಂಕರ್ ತರಸ್ತೇನಿ ಅಂತ ಮಾಲಕ ಅಂದಾನ.”

“ಯಾವಾಗ?”

“ತರಸ್ತಾನ ಅಂದ್ನಲ್ಲ!”

“ಉಣ್ಣೋ ಮುಂದ ಹೊಲಸಿನ ಮಾತ ಬ್ಯಾಡ,” ಎಂದಳು ಅನುಸೂಯಾಬಾಯಿ.

“ಆಡ್ಲಿ ಬಿಡು,” ಎಂದ ಗೋರಖನಾಥ. “ನಮ್ಮಪ್ಪ ಊರಾಗ ಸತ್ತ ದನ ಎಳೀತಿದ್ದ. ಎಳದು ಬಂದ ಮ್ಯಾಲ ಅವನ ಬೊಗಸಿಗಿ ದೂರದಿಂದ ನೀರು ಹೊಯ್ತಿದ್ರು. ಈಗ ನನ್ನ ಮಗಳು ಬಂದ್ಳಂದ್ರ ಕಾರ್ಖಾನಿ ಸಾಹೇಬ ಎದ್ದು ಕುರ್ಚಿ ಕೊಡ್ತಾನ. ಹೊಲಸ ಹೊಲಸೇ ಇರ್ಲಿ. ಎತ್ತೋರು ನಾವಲ್ಲ.”

“ಎತ್ತಾಕ ಸೊಹೇಲ ಇದ್ದಾನಲ್ರಿ,” ಎಂದು ಸ್ವಪ್ನಿಲ ಮತ್ತೆ ಊಟಕ್ಕೆ ಕೈ ಹಾಕಿದ.

ಸೊಹೇಲ ಔರಾದದವ, ಮಹಾಮಾಯಾಳ ತವರಿನ ಓಣಿಯಲ್ಲೇ ಬೆಳೆದವ. ಕೆಲಸ ಕೇಳಿಕೊಂಡು ಬಂದಾಗ ಸ್ವಪ್ನಿಲನೇ ಅವನನ್ನು ಅಂಗಳದಲ್ಲಿ ಇಟ್ಟುಕೊಂಡಿದ್ದ. ಟ್ಯಾಂಕರ್ ಒಳಗಿಳಿದು ತಳದ ರಾಡಿಯನ್ನು ಬಕೆಟ್ಟಿಗೆ ತುಂಬುವುದು ಅವನ ಕೆಲಸ. ಮದುವೆಗೆ ಹೆಣ್ಣು ನೋಡುತ್ತಿದ್ದರು.

ಹೊಸ ಗುತ್ತಿಗೆ ಶುರುವಾದ ಮೇಲೆ ಮನೆಯ ದಿನಚರಿ ಬದಲಾಯಿತು. ಸ್ವಪ್ನಿಲ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ. ಬರುವಾಗ ಅವನ ಬಟ್ಟೆ ಕೊಳೆತ ಹಣ್ಣಿನಂಥ, ಮೂಗಿಗೆ ಚುಚ್ಚುವ ವಾಸನೆ ಹೊಡೆಯುತ್ತಿತ್ತು. ಅನುಸೂಯಾಬಾಯಿ ಅವನ್ನು ಮನೆಯ ಬಟ್ಟೆಗಳ ಜೊತೆ ನೆನೆಹಾಕಲು ಬಿಡಲಿಲ್ಲ.

“ಹಿತ್ತಲಾಗ ಬ್ಯಾರಿ ಬುಟ್ಟ್ಯಾಗ ಒಗಿ,” ಎಂದು ಸೊಸೆಗೆ ಹೇಳಿದಳು.

“ಅತ್ತಿ, ನನ್ನ ಕೈ ನೋಡ್ರಿ. ಸಬಕಾರ ಹಚ್ಚಿದ್ರೂ ಉರಿ ಹೋಗವಲ್ದು.”

“ಕೈಗಿ ಪ್ಲಾಸ್ಟಿಕ್ ಕಟ್ಟಿಕೋ ಮತ್ತ.”

ಮಹಾಮಾಯಾ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆದರೆ ಪ್ರಣಾಲಿ ಬೀದರ್‌ಗೆ ಹೊರಟಾಗ ಟಿಫಿನ್ ಕೊಡುತ್ತ ಬಾಗಿಲಲ್ಲಿ ತಡೆದಳು.

“ಅಕ್ಕಾ, ಇವರು ಕೆಮ್ಮಲಾಕ ಶುರು ಮಾಡ್ಯಾರ. ಸರಿಯಾಗಿ ಉಣವಲ್ರು. ಆ ಹೊಸ ಟ್ಯಾಂಕರ್ ಏನಾಯ್ತ್ರಿ?”

“ಕೇಳ್ತೇನಿ.”

“ಕೇಳ್ತೇನಿ ಅಂತ ಹಿಂದಕೂ ಅಂದ್ರಿ.”

“ಮಹಾಮಾಯಾ, ಧಂಧಾ ಅಂದ್ರ ಹ್ಯಾಂಗ ಇರ್ತದ ನಿನಗ ಗೊತ್ತಿಲ್ಲ. ಇವತ್ತ ಗಿರಾಕಿ ಹಿಡಿದ್ರ ನಾಳಿ ಗಾಡಿ ಬರ್ತಾವ.”

ಆ ದಿನ ಅವಳು ನಂದಕುಮಾರನನ್ನು ಕೇಳಿದಳು. ಬೀದರ್‌ನ ಆಫೀಸಿನಲ್ಲಿ ಅವನು ಚಹಾ ತರಿಸಿ, ನಕ್ಕು, “ಮೇಡಂ, ಮೊದಲ ಈ ಕಾರ್ಖಾನಿ ಗಟ್ಟಿ ಆಗ್ಲಿ. ಹುಮನಾಬಾದ ಕಡಿ ಇನ್ನೆರಡು ಹಿಡೀರಿ. ಆವಾಗ ನಿಮ್ಮ ಹೆಸರಿನ ಮುಂದ ಜನರಲ್ ಮ್ಯಾನೇಜರ್ ಅಂತ ಬರಸ್ತೇನಿ, ನಿಮ್ಮ ತಮ್ಮಗ ಹೊಸ ಗಾಡೀನೂ ಕೊಡ್ತೇನಿ,” ಎಂದ. ಅವಳು ಚಹಾ ಕುಡಿದು ಹುಮನಾಬಾದಿಗೆ ಹೋದಳು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ರೈಲಿನಿಂದ ಇಳಿಯುತ್ತಿದ್ದಂತೆ ಕಾರ್ಖಾನೆಯಿಂದ ಫೋನ್ ಬಂತು. ಟ್ಯಾಂಕರ್ ಬಂದಿಲ್ಲ, ಹೊಂಡ ತುಂಬಿ ಹೊರಗೆ ಹರಿಯುವ ಹಾಗಾಗಿದೆ, ಮಧ್ಯಾಹ್ನದೊಳಗೆ ಬಾರದಿದ್ದರೆ ಬೇರೆ ಕಂಪನಿಯವರನ್ನು ಕರೆಯುತ್ತೇವೆ ಎಂದರು. ಪ್ರಣಾಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಸ್ವಪ್ನಿಲನಿಗೆ ಫೋನ್ ಮಾಡಿದಳು.

“ಒಂದ ಗಾಡಿ ಗೇರ್ ಹೋಗ್ಯಾದ,” ಎಂದ ಅವನು. “ಇನ್ನೊಂದರಾಗ ರಾಡಿ ಅದ. ನಿನ್ನಿ ಕತ್ತಲಾದ ಮ್ಯಾಲ ಬಂದದ, ಈಗ ಮುಚ್ಚಳ ತಗದೀವಿ. ನಾಳಿತನಕಾ ಆಗಂಗಿಲ್ಲ.”

“ನಾಳಿ ಅಂದ್ರ ಗುತ್ತಿಗಿ ಹೋಗ್ತದ.”

“ಹೋಗ್ಲಿ.”

“ಹೋಗ್ಲಿ ಅಂತ ಹ್ಯಾಂಗ ಅಂತೀಯೋ? ನಿನಗ ಈ ನೌಕರಿ ಯಾರ ಕೊಡಿಸ್ಯಾರ? ಏನರ ಮಾಡು. ಲಗೂ ತಗಿಸು. ಮಧ್ಯಾಹ್ನದಾಗ ಗಾಡಿ ಗೇಟಿನ್ಯಾಗ ಇರಬೇಕು.”

ಸ್ವಪ್ನಿಲ “ಆಯ್ತು,” ಎಂದ.

ಸೊಹೇಲ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಇಳಿದ. ಎರಡು ಬಕೆಟ್ ಮೇಲೆ ಬಂದವು. ಮೂರನೆಯದು ಬರಲಿಲ್ಲ. ಮೇಲಿನಿಂದ ಹೆಸರು ಹಿಡಿದು ಕೂಗಿದ ಸ್ವಪ್ನಿಲ ಉತ್ತರ ಬಾರದಿದ್ದಾಗ ತಾನೇ ಇಳಿದುಬಿಟ್ಟ. ಡ್ರೈವರ್ ಮಕ್ಸೂದ ಹಗ್ಗ ತಂದು, ಪಕ್ಕದ ಗೋದಾಮಿನ ಹಮಾಲರನ್ನು ಕರೆದು, ಮೊದಲು ಕೈಗೆ ಸಿಕ್ಕ ಸ್ವಪ್ನಿಲನನ್ನು ಎಳೆದ. ಸೊಹೇಲನನ್ನು ಹೊರಗೆ ತೆಗೆಯುವಷ್ಟರಲ್ಲಿ ಅವನು ಸತ್ತಿದ್ದ.

ಸ್ವಪ್ನಿಲ ಬದುಕಿದ. ಆಸ್ಪತ್ರೆಯಲ್ಲಿ ಹಲವು ದಿನ ಕಣ್ಣು ಮುಚ್ಚಿಕೊಂಡೇ ಇದ್ದು, ಕಣ್ಣು ತೆರೆದಾಗ ಯಾರನ್ನೂ ಗುರುತಿಸಲಿಲ್ಲ. ಗಾಳಿ ಸಿಗದೆ ಮಿದುಳಿಗೆ ಪೆಟ್ಟಾಗಿದೆ, ಒಂದಿಷ್ಟು ಸುಧಾರಿಸಬಹುದು, ಮೊದಲಿನ ಹಾಗೆ ಆಗುವುದಿಲ್ಲ ಎಂದರು ಡಾಕ್ಟರು. ಗೋರಖನಾಥ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದ. ಅನುಸೂಯಾಬಾಯಿ ಮಗನ ಕಾಲು ತಿಕ್ಕುತ್ತ ಕುಳಿತಳು. ಮಹಾಮಾಯಾ ಅವನ ಬಾಯಿಗೆ ಗಂಜಿ ಹಾಕಿ, ಹೊರಗೆ ಸುರಿದದ್ದನ್ನು ಒರೆಸಿ, ಮತ್ತೆ ಹಾಕುತ್ತಿದ್ದಳು.

ನಂದಕುಮಾರ ಹಣ್ಣಿನ ಚೀಲ ಹಿಡಿದು ಆಸ್ಪತ್ರೆಗೆ ಬಂದ. ಗೋರಖನಾಥನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡ. ಆಮೇಲೆ ಪ್ರಣಾಲಿಯನ್ನೂ ಅವಳ ತಂದೆಯನ್ನೂ ಮೆಟ್ಟಿಲ ಬಳಿ ಕರೆದ.

“ಪೊಲೀಸರು ಹೇಳಿಕಿ ಕೇಳ್ತಾರ. ಸೇಫ್ಟಿ ಬೆಲ್ಟು, ಮಾಸ್ಕು ಎಲ್ಲಾ ಕಂಪನಿ ಕೊಟ್ಟಿತ್ತು. ಸೂಪರ್‌ವೈಸರ್ ಅವಸರ ಮಾಡಿ ತಾನೇ ಇಳಿಸ್ಯಾನ. ಇಷ್ಟ ಅಂದ್ರ ಸಾಕು.”

“ಕೇಸ್ ನನ್ನ ಮಗನ ಮ್ಯಾಲ ಬರ್ತದಲ್ರಿ,” ಎಂದ ಗೋರಖನಾಥ.

“ಇಂಥಾ ಹಾಲತ್ತಿನ್ಯಾಗ ಅವನಿಗಿ ಯಾವ ಕೋರ್ಟ್ ಏನ ಮಾಡ್ತದ ಯಜಮಾನ್ರ? ಕಂಪನಿ ಉಳೀತು ಅಂದ್ರ ಅವನ ದವಾಖಾನಿ ಖರ್ಚ ಕೊನೀತನಕಾ ನಂದು. ಮೇಡಂ ಜನರಲ್ ಮ್ಯಾನೇಜರ್ ಆಗ್ತಾರ. ಕಂಪನಿ ಮುಚ್ಚಿತು ಅಂದ್ರ ನನ್ನ ಹತ್ರ ಏನದ, ನಿಮ್ಮ ಹತ್ರ ಏನದ?”

ಮನೆಗೆ ಬಂದು ಗೋರಖನಾಥ ತುಂಬ ಹೊತ್ತು ಅಂಗಳದಲ್ಲಿ ಅಡ್ಡಾಡಿದ. ಕೊನೆಗೆ ಮಗಳಿಗೆ, “ಅವ ಹೇಳೋದು ಖರೇ ಅದ. ಒಬ್ಬಂವ ಹೋದ. ಇನ್ನೊಬ್ಬಾಕೀನೂ ಹೋಗಬಾರದು,” ಎಂದ.

ಪ್ರಣಾಲಿ ಫೋನ್ ಮಾಡಿದ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಂದಕುಮಾರ ಹೇಳಿದಂತೆಯೇ ಠಾಣೆಯಲ್ಲಿ ಹೇಳಿಕೆ ಕೊಟ್ಟಳು. ಮರುವಾರ ಅವನೇ ಅವಳನ್ನು ಔರಾದಕ್ಕೆ ಕಳಿಸಿದ. ಸೊಹೇಲನ ತಂದೆ ಗುಲಾಮ ರಸೂಲನನ್ನು ಸಮಾಧಾನ ಮಾಡಿ ಬರಬೇಕಿತ್ತು.

ಔರಾದ ಬಸ್ ನಿಲ್ದಾಣದ ಹತ್ತಿರವೇ ಗುಲಾಮ ರಸೂಲನ ವೆಲ್ಡಿಂಗ್ ಅಂಗಡಿ. ಶಟರ್ ಅರ್ಧ ಇಳಿಸಿತ್ತು. ಒಳಗೆ ಅರ್ಧಕ್ಕೆ ನಿಂತ ಒಂದು ಕಿಟಕಿಯ ಚೌಕಟ್ಟು ಗೋಡೆಗೆ ಒರಗಿತ್ತು. ಅವನು ಅವಳಿಗೆ ಸ್ಟೂಲು ಕೊಟ್ಟ. ಕಂಪನಿಯ ಪರಿಹಾರದ ಮಾತನ್ನು ಪೂರ್ತಿ ಕೇಳಿಸಿಕೊಂಡ.

“ಅದು ಇರ್ಲಿ ಬೇಟಿ. ನನಗ ಒಂದೇ ಮಾತ ಹೇಳು. ಗ್ಯಾಸ್ ಇತ್ತು ಅಂತ ಎಲ್ಲರಿಗೂ ಗೊತ್ತಿತ್ತಂತ. ನನ್ನ ಮಗನಿಗಿ ಇಳಿ ಅಂತ ಯಾರ ಅಂದ್ರು?”

ಪ್ರಣಾಲಿ ಗೋಡೆಗೆ ಒರಗಿದ್ದ ಚೌಕಟ್ಟಿನ ಕಡೆ ನೋಡುತ್ತ ಹೇಳಿದಳು.

“ಸೂಪರ್‌ವೈಸರ್ರಿ.”

“ನಿನ್ನ ತಮ್ಮ?”

“ಹೂನ್ರಿ.”

ಗುಲಾಮ ರಸೂಲ ತಲೆಯಾಡಿಸಿದ. “ನಮ್ಮ ಮನ್ಯಾಗ ಕುಂತು ಸೇಮಿಯಾ ತಿಂದು ಹೋಗ್ಯಾನ ಅವ,” ಎಂದನಷ್ಟೆ.

ಸ್ವಪ್ನಿಲನನ್ನು ಮನೆಗೆ ಕರೆತಂದ ದಿನ ಮಕ್ಸೂದ ನೋಡಲು ಬಂದ. ಹೊರಡುವಾಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಮಹಾಮಾಯಾಳ ಬಳಿ ಹೋಗಿ ಮೆಲ್ಲಗೆ ಏನೋ ಹೇಳಿದ. ಅವಳು ಕೈ ತೊಳೆಯದೆ, ಬೂದಿ ಮೆತ್ತಿದ ಕೈಯಲ್ಲೇ ಒಳಗೆ ಬಂದಳು. ಪ್ರಣಾಲಿ ಊಟಕ್ಕೆ ಕುಳಿತಿದ್ದಳು.

“ಅಕ್ಕಾ, ಆವತ್ತ ನೀವ್ ಫೋನ್ ಮಾಡಿದ್ರೇನ್ರಿ?”

“ಯಾರ ಹೇಳಿದ್ರು?”

“ಇವರ ಕೈಗಿ ಗ್ಲೌಸ್ ಇದ್ದವು. ಸ್ಪೀಕರ್ ಹಚ್ಚಿ ಮಾತಾಡ್ಯಾರ. ಮಕ್ಸೂದಭಾಯಿ ಬಾಜೂಕ ನಿಂತಿದ್ರು. ‘ಲಗೂ ತಗಿಸು’ ಅಂದ್ರಿ. ನೌಕರಿ ಯಾರ ಕೊಡಿಸ್ಯಾರ ಅಂತ ಕೇಳಿದ್ರಿ. ಹೌದೋ ಅಲ್ಲೋ?”

ಅನುಸೂಯಾಬಾಯಿ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಳು. ಗೋರಖನಾಥ ಮಗಳ ಮುಖ ನೋಡಿದ.

“ನನಗೂ ಮ್ಯಾಲಿಂದ ಒತ್ತಡ ಇತ್ತು,” ಎಂದಳು ಪ್ರಣಾಲಿ. “ಅವ ಇಳಸ್ತಾನ ಅಂತ ನಾ ಏನ ಕನಸ ಕಂಡಿದ್ನಾ?”

“ಮತ್ತ ಠಾಣೇದಾಗ ಯಾರ ಹೆಸರ ಹೇಳಿ ಬಂದ್ರಿ? ಬಾಯಿ ಇಲ್ಲದವನ ಹೆಸರ?”

“ಸಾಕ ಮಾಡು,” ಎಂದ ಗೋರಖನಾಥ. “ಆಗಿದ್ದ ಆಯ್ತು. ಅಕಿ ಇದ್ರ ಈ ಮನಿ ನಡೀತದ. ಅವನ ಔಷಧಾ ನಡೀತದ.”

“ನಡಸ್ರಿ ಮಾವಾ. ನಾ ಈ ಅನ್ನ ಅವರಿಗಿ ಉಣಸಂಗಿಲ್ಲ.”

ಮರುದಿನವೇ ಅವಳು ಗಂಡನನ್ನು ಕೈಹಿಡಿದು ಬಸ್ ಹತ್ತಿಸಿ ಔರಾದದ ತವರಿಗೆ ಹೋದಳು. ಅನುಸೂಯಾಬಾಯಿ ನಿಲ್ದಾಣದವರೆಗೆ ಹೋಗಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ಬಂದಳು. ಬಂದವಳು ಮಗಳಿಗೆ ಬಡಿಸಿದಳು, ಆದರೆ ಮಾತಾಡಿಸಲಿಲ್ಲ.

ಪ್ರಣಾಲಿ ಜನರಲ್ ಮ್ಯಾನೇಜರ್ ಆದಳು. ಹೊಸ ಕಾರ್ಡಿನ ಕಟ್ಟನ್ನು ಮನೆಗೆ ತಂದಾಗ ಗೋರಖನಾಥ ಒಂದನ್ನೂ ತೆಗೆದುಕೊಳ್ಳಲಿಲ್ಲ. ಹಿಂದಿನಂತೆ ಅವನು ಬಾಗಿಲಲ್ಲಿ ಕೂರುವುದನ್ನೂ ಬಿಟ್ಟಿದ್ದ. ಮನೆಯಲ್ಲಿ ಮೂರೂ ಜನ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದರು. ಒಂದು ಭಾನುವಾರ ಅನುಸೂಯಾಬಾಯಿ ಅನ್ನದ ಪಾತ್ರೆಯ ಮುಂದೆ ಕುಳಿತು ಒಮ್ಮೆಲೇ, “ಹೋಗಿ ಕರಕೊಂಡ ಬಾ ಅವರಿಗಿ. ಇಲ್ಲಂದ್ರ ನಾನೂ ಹೋಗ್ತೇನಿ,” ಎಂದಳು. ಸ್ವಪ್ನಿಲ ಮನೆ ಬಿಟ್ಟ ಮೇಲೆ ಮಗಳಿಗೆ ಅವಳು ಹೇಳಿದ ಎಲ್ಲಕ್ಕಿಂತ ಉದ್ದನೆಯ ಮಾತು ಅದೇ.

ಪ್ರಣಾಲಿ ಔರಾದಕ್ಕೆ ಹೋದಾಗ ಮಹಾಮಾಯಾ ಮನೆಯಲ್ಲಿರಲಿಲ್ಲ. ಹಾಸ್ಟೆಲ್ ಒಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಳು. ಅವಳ ಅಣ್ಣ ಒಳಗೆ ಕರೆಯದೆ ಬಾಗಿಲಲ್ಲೇ ಮಾತಾಡಿದ.

“ನಿಮ್ಮ ತಮ್ಮ ಗುಲಾಮ ರಸೂಲ ಚಾಚಾನ ಅಂಗಡ್ಯಾಗ ಅದಾನ.”

“ಅಲ್ಲಿ ಯಾಕ?”

“ಮೊದಲ ದಿನ ಓಣಿ ಮಂದಿ ಇವನಿಗಿ ಕೊಲೆಗಡಕ ಅಂತ ಬೈದ್ರು. ಚಾಚಾ ರಾಡ್ ಹಿಡ್ಕೊಂಡೇ ಬಂದ. ಇವ ಅವನ ಮುಖಾ ನೋಡಿ ‘ಸೊಹೇಲ ಹೊರಗ ಬಂದನೇನ್ರಿ?’ ಅಂತ ಕೇಳಿದ. ಚಾಚಾ ಅಲ್ಲೇ ಕುಸದು ಕುಂತ. ಅವತ್ತಿನಿಂದ ಮಹಾಮಾಯಾ ಕೆಲಸಕ್ಕ ಹೋದ ಮ್ಯಾಲ ಅವನೇ ಬಂದು ಕರಕೊಂಡ ಹೋಗ್ತಾನ. ನಮಗೂ ಕೂಲಿ ಬಿಟ್ಟು ಕೂಡ್ಲಾಕ ಆಗಂಗಿಲ್ಲ.”

ಅಂಗಡಿಯ ಮುಂದಿನ ಬೆಂಚಿನ ಮೇಲೆ ಸ್ವಪ್ನಿಲ ಕುಳಿತಿದ್ದ. ಗಡ್ಡ ಬೋಳಿಸಿದ್ದರು. ಗುಲಾಮ ರಸೂಲ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ಅವನ ಬಾಯಿಗೆ ಕೊಡುತ್ತಿದ್ದ. ಅಕ್ಕನನ್ನು ಕಂಡು ಸ್ವಪ್ನಿಲನ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಮುದುಕನ ಕಡೆ ತಿರುಗಿ ತೊದಲುತ್ತ ಅದೇ ಪ್ರಶ್ನೆ ಕೇಳಿದ.

“ಬಂದಾನ ಬೇಟಾ,” ಎಂದ ಗುಲಾಮ ರಸೂಲ. “ಬಂದು ಮನೀಗಿ ಹೋದ. ನೀ ಚಾ ಕುಡಿ.”

ಪ್ರಣಾಲಿ ಬೆಂಚಿನ ತುದಿ ಹಿಡಿದು ನಿಂತಳು.

“ಚಾಚಾ, ನಾ ನಿಮಗ ಸುಳ್ಳ ಹೇಳೀನಿ. ಇವ ಬ್ಯಾಡ ಅಂದಿದ್ದ. ಫೋನ್ ಮಾಡಿ ಲಗೂ ತಗಿಸು ಅಂದಾಕಿ ನಾನು.”

ಗುಲಾಮ ರಸೂಲ ಕಪ್ಪನ್ನು ಕೆಳಗಿಡಲಿಲ್ಲ. ಉಳಿದ ಬಿಸ್ಕೀಟನ್ನೂ ತಿನ್ನಿಸಿ, ಸ್ವಪ್ನಿಲನ ಬಾಯಿ ಒರೆಸಿದ.

“ಇವನ ಮ್ಯಾಲ ರಾಡ್ ಎತ್ತಿದ್ದೆ ನಾನು,” ಎಂದ. “ಬಿದ್ದಿದ್ರ?”

ಅವಳು ಅಳತೊಡಗಿದಳು.

“ಇಲ್ಲಿ ಅಳಬ್ಯಾಡ. ನನ್ನ ಮುಂದ ಹೇಳಿ ಏನ್ ಫಾಯದಾ? ಸುಳ್ಳ ಎಲ್ಲಿ ಬರಸೀದಿ, ಅಲ್ಲಿ ಹೋಗಿ ಹೇಳು. ಹೋಗು.”

ಅವಳು ಭಾಲ್ಕಿಗೆ ಮರಳದೆ ನೇರವಾಗಿ ಬೀದರ್ ಬಸ್ ಹತ್ತಿದಳು. ಠಾಣೆಯಲ್ಲಿ ಮೊದಲು ಯಾರೂ ಗಮನ ಕೊಡಲಿಲ್ಲ. ಬರೆದುಕೊಂಡ ಕಾಗದವನ್ನು ಬದಲಿಸುವುದು ಮಕ್ಕಳಾಟವೇ ಎಂದು ಬೈದರು. ಅವಳು ಬೆಂಚಿನ ಮೇಲೆ ಕುಳಿತೇ ಇದ್ದಳು. ಸಂಜೆಯ ಹೊತ್ತಿಗೆ ಇನ್ಸ್‌ಪೆಕ್ಟರ್ ಒಳಗೆ ಕರೆದ. ಅವಳು ತನ್ನ ಫೋನು, ತಾನು ಕೊಟ್ಟ ಮಾತು, ಮಾಸ್ಕು ಬೆಲ್ಟು ಎಂದೂ ಅಂಗಳಕ್ಕೆ ಬಂದಿರಲಿಲ್ಲವೆಂಬುದು, ಎಲ್ಲವನ್ನೂ ಹೇಳಿದಳು. ಅವಳು ಹೇಳಿದ ಮೇಲೆ ಮಕ್ಸೂದನೂ ಬಂದು ಹೇಳಿದ.

ಕೇಸಿನಿಂದ ಸ್ವಪ್ನಿಲನ ಹೆಸರು ಹೋಯಿತು. ನಂದಕುಮಾರನ ಹೆಸರೂ ಅವಳ ಹೆಸರೂ ಬಂದವು. ನಂದಕುಮಾರ ಬೇಗ ಜಾಮೀನು ಪಡೆದ. ಅವಳ ಜಾಮೀನಿಗೆ ಗೋರಖನಾಥ ಡಿಪೋದ ಹಳೆಯ ಗೆಳೆಯರ ಮನೆಮನೆ ತಿರುಗಿದ. ಕಂಪನಿಯ ಘಟಕಕ್ಕೆ ಬೀಗ ಬಿತ್ತು. ಕಾರ್ಖಾನೆಯ ನೀರನ್ನು ಈಗ ಹೈದರಾಬಾದ್ ಕಡೆಯ ಇನ್ನೊಂದು ಕಂಪನಿ ಒಯ್ಯುತ್ತದೆ. ಅವರೂ ಪ್ರತಿದಿನ ತಪ್ಪದೆ ಬರುತ್ತೇವೆಂದೇ ಮಾತು ಕೊಟ್ಟಿದ್ದಾರಂತೆ. ಪ್ರಣಾಲಿ ಬೇರೆ ಕಡೆ ಕೆಲಸ ಕೇಳಿದಳು. ಈ ವ್ಯವಹಾರದಲ್ಲಿ ಎಲ್ಲರಿಗೂ ಅವಳ ಹೆಸರು ಗೊತ್ತಿತ್ತು. ಒಬ್ಬ ಮಾಲೀಕ ಮಾತ್ರ ಬಾಯಿಬಿಟ್ಟು, “ನೀವ್ ಠಾಣೇಕ ಹೋಗೋರು, ನಮಗ ಆಗಂಗಿಲ್ರಿ,” ಎಂದ.

“ಬಾಯಿ ಮುಚ್ಚಿದ್ರ ಒಬ್ಬರಾದ್ರೂ ಉಳೀತಿದ್ರು,” ಎಂದ ಗೋರಖನಾಥ ಒಂದು ದಿನ ಊಟದ ನಡುವೆ.

“ಹ್ಯಾಂಗ ಉಳೀತಿದ್ಲು?” ಎಂದಳು ಅನುಸೂಯಾಬಾಯಿ. “ನಾ ಅಕಿಗಿ ಉಣ್ಣಾಕ ಹಾಕ್ತಿದ್ದೆ, ಮುಖಾ ನೋಡ್ತಿರಲಿಲ್ಲ. ಅದಕ್ಕ ಉಳಿಯೋದು ಅಂತಾರೇನು?”

ಚಳಿಗಾಲದಲ್ಲಿ ಗುಲಾಮ ರಸೂಲನಿಗೆ ಎದೆನೋವು ಬಂದು, ಅವನು ಮಗಳ ಊರಿಗೆ ಹೋದ. ಹಗಲು ಸ್ವಪ್ನಿಲನನ್ನು ನೋಡಿಕೊಳ್ಳುವವರು ಇಲ್ಲವಾದರು. ನೋಡಲು ಹೋಗಿದ್ದ ಅನುಸೂಯಾಬಾಯಿಯ ಕೈಯಲ್ಲಿ ಮಹಾಮಾಯಾ ಹೇಳಿಕಳಿಸಿದಳು: “ಬರೋದಿದ್ರ ಬರ್ಲಿ. ನನ್ನ ಮುಂದ ಅಳಬಾರದು.”

ಅಂದಿನಿಂದ ಪ್ರಣಾಲಿ ಭಾಲ್ಕಿಯಿಂದ ಬೆಳಗಿನ ಬಸ್ಸಿಗೆ ಔರಾದಕ್ಕೆ ಹೋಗತೊಡಗಿದಳು. ಗೋರಖನಾಥ ಅವಳನ್ನು ಬೈಕಿನ ಮೇಲೆ ನಿಲ್ದಾಣಕ್ಕೆ ಬಿಟ್ಟು ಬರುತ್ತಿದ್ದ. ತಮ್ಮನಿಗೆ ಸ್ನಾನ ಮಾಡಿಸುವುದು, ಒದ್ದೆಯಾದ ಹಾಸಿಗೆ ಒಗೆಯುವುದು, ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಕಲಸಿ ಉಣಿಸುವುದು. ಮೊದಮೊದಲು ಅವನು ಅವಳ ಕೈಯನ್ನು ತಳ್ಳುತ್ತಿದ್ದ. ಬಟ್ಟಲು ಚೆಲ್ಲಿದರೆ ಅವಳು ನೆಲ ಒರೆಸಿ ಮತ್ತೆ ಕಲಸುತ್ತಿದ್ದಳು. ಅಕ್ಕ ಎಂದು ಅವನು ಒಮ್ಮೆಯೂ ಕರೆಯಲಿಲ್ಲ.

ಮಹಾಮಾಯಾ ಬಂದ ಕೂಡಲೇ ಅವಳು ಚೀಲ ಎತ್ತಿಕೊಂಡು ಹೊರಡುತ್ತಿದ್ದಳು. ಇಬ್ಬರ ನಡುವೆ ಔಷಧಿಯ ಮಾತು, ಎಷ್ಟು ಉಂಡ ಎಂಬ ಮಾತು ಬಿಟ್ಟು ಬೇರೆ ಇರಲಿಲ್ಲ. ಒಂದು ಸಂಜೆ ಮಹಾಮಾಯಾ ಹಾಸ್ಟೆಲ್ಲಿನಿಂದ ತಡವಾಗಿ ಬಂದಳು. ಕಾಲು ತೊಳೆದು ಒಳಗೆ ಬಂದು, ಗೋಡೆಗೆ ಒರಗಿ ನಿದ್ದೆ ಹೋಗಿದ್ದ ಗಂಡನನ್ನು ನೋಡಿದಳು, ಒಗೆದು ಹಾಕಿದ್ದ ಬಟ್ಟೆಗಳನ್ನು ನೋಡಿದಳು.

“ಉಂಡಾರೇನು?”

“ಅರ್ಧ ರೊಟ್ಟಿ ಉಂಡ.”

ಪ್ರಣಾಲಿ ಚಪ್ಪಲಿ ಮೆಟ್ಟಿಕೊಂಡಳು. ಮಹಾಮಾಯಾ ಒಲೆಯ ಕಡೆ ತಿರುಗಿ, ಅವಳ ಮುಖ ನೋಡದೆ ಹೇಳಿದಳು:

“ನಾಳಿ ಜರಾ ಲಗೂ ಬರ್ರಿ. ಹಾಸ್ಟೆಲ್‌ನ್ಯಾಗ ಸಾಹೇಬರು ಬರೋರು ಅದಾರ.”

“ಬರ್ತೇನಿ,” ಎಂದು ಪ್ರಣಾಲಿ ಬಸ್ಸಿಗೆ ನಡೆದಳು.